ಮೂಳೆ ಕೋಶದಲ್ಲಿ ಫಾಸ್ಫಟೇಸ್ ಎಲ್ಲಿರುತ್ತದೆ?

ಪ್ರಶ್ನೆ: ಮೂಳೆಯ ಫಾಸ್ಫಟೇಸ್ ಕಿಣ್ವ ಕೋಶದೊಳಗಿನ ಜೀರ್ಣಚೀಲವಾದ ಲೈಸೋಸೋಮಿನಲ್ಲಿದೆ ಎಂದು ಒಂದು ಕಡೆ, ಕೋಶಪೊರೆಯ ಮೇಲಿದೆ ಎಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ?
– ಎಂಎಲ್‌ಟಿ (ವೈದ್ಯಕೀಯ ಲ್ಯಾಬ್ ತಂತ್ರಜ್ಞಾನ) ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಎರಡೂ ಸರಿ. ಆದರೆ ಅವು ಎರಡು ಬೇರೆ ಕಿಣ್ವಗಳು, ಇರುವ ಕೋಶಗಳೂ ಬೇರೆ.

ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್‌ನಲ್ಲಿರುವುದು ಕ್ಷಾರೀಯ ಫಾಸ್ಫಟೇಸ್, ಅಂದರೆ ರಿಪೋರ್ಟಿನಲ್ಲಿ ಕಾಣುವ ಎಎಲ್‌ಪಿ. ಇದು ಕೋಶಪೊರೆಯ ಹೊರಮುಖಕ್ಕೆ ಜಿಪಿಐ ಎಂಬ ಕೊಬ್ಬಿನ ಕೊಂಡಿಯಿಂದ ಅಂಟಿಕೊಂಡಿರುತ್ತದೆ. ಪೊರೆಯನ್ನು ತೂರಿ ಒಳಕ್ಕೆ ಹೋಗಿರುವುದಿಲ್ಲ. ಅದೇ ಪೊರೆಯಿಂದ ಕಳಚಿ ಹೊರಬೀಳುವ ಮ್ಯಾಟ್ರಿಕ್ಸ್ ವೆಸಿಕಲ್ ಎಂಬ ಪುಟ್ಟ ಚೀಲಗಳ ಮೈಮೇಲೂ ಧಾರಾಳವಾಗಿದೆ. ಹೊರಗೇ ಏಕೆ ಎಂದರೆ ಅದರ ಕೆಲಸವಿರುವುದೇ ಅಲ್ಲಿ. ಕೋಶದ ಹೊರಗಿರುವ ಪೈರೋಫಾಸ್ಫೇಟ್ ಎಂಬ ರಾಸಾಯನಿಕವು ಮೂಳೆಯ ಖನಿಜ ಹರಳುಗಟ್ಟದಂತೆ ತಡೆಯುತ್ತದೆ. ಎಎಲ್‌ಪಿ ಅದನ್ನು ಒಡೆದಾಗ ತಡೆಯೂ ತೊಲಗುತ್ತದೆ, ಹರಳಿಗೆ ಬೇಕಾದ ಫಾಸ್ಫೇಟೂ ಸಿಗುತ್ತದೆ. ಮೂಳೆ ಗಟ್ಟಿಯಾಗುವುದರಲ್ಲಿ ಫಾಸ್ಫಟೇಸ್‌ನ ಪಾತ್ರವಿದೆ ಎಂದು ಬ್ರಿಟಿಷ್ ಜೀವರಸಾಯನ ವಿಜ್ಞಾನಿ ರಾಬರ್ಟ್ ರಾಬಿಸನ್ 1923ರಲ್ಲೇ ಹೇಳಿದ್ದರು. ಈ ಕಿಣ್ವದ ಜೀನ್ ಕೆಟ್ಟರೆ ಬರುವ ಹೈಪೋಫಾಸ್ಫಟೇಸಿಯಾದಲ್ಲಿ, ರಕ್ತದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೂ ಮೂಳೆ ಮೆತ್ತಗೇ ಉಳಿಯುತ್ತದೆ.

ಲೈಸೋಸೋಮಿನ ಮಾತು ಬರುವುದು ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗೆ. ಅಲ್ಲಿರುವುದು ಟಾರ್ಟ್ರೇಟ್ ಎಂಬ ತಡೆ-ರಾಸಾಯನಿಕಕ್ಕೆ ಜಗ್ಗದ ಆಮ್ಲೀಯ ಫಾಸ್ಫಟೇಸ್, ಟ್ರಾಪ್. ಲೈಸೋಸೋಮಿನಲ್ಲೂ, ಕರಗಿದ ಮೂಳೆಯ ಚೂರುಗಳನ್ನು ಕೋಶದ ಇನ್ನೊಂದು ಬದಿಗೆ ಸಾಗಿಸುವ ಚೀಲಗಳಲ್ಲೂ ಇದು ಸಿಗುತ್ತದೆ. ಪರೀಕ್ಷೆಯಲ್ಲಿ ಬರೀ 'ಫಾಸ್ಫಟೇಸ್' ಎಂದು ಬರೆಯಬೇಡಿ. ಯಾವುದು ಎಂದು ಹೇಳದಿದ್ದರೆ ಉತ್ತರ ಅರ್ಧವೇ.

ಮೂಳೆಯ ಸ್ಲೈಡ್ ಮಾಡುವಾಗ ಎಡವುವುದು ಸುಣ್ಣಾಂಶ ತೆಗೆಯುವ ಹಂತದಲ್ಲಿ. ಎಎಲ್‌ಪಿ ಕೆಲಸ ಮಾಡಲು ಸತು ಮತ್ತು ಮೆಗ್ನೀಸಿಯಂ ಬೇಕು, ಸುಣ್ಣಾಂಶ ತೆಗೆಯಲು ಬಳಸುವ ಇಡಿಟಿಎ ಎಂಬ ರಾಸಾಯನಿಕ ಇವೆರಡನ್ನೂ ಕಸಿಯುತ್ತದೆ. ಹಾಗಾಗಿ ಬಣ್ಣ ಹಾಕುವ ಮೊದಲು ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿದ ಕ್ಷಾರೀಯ ಬಫರಿನಲ್ಲಿ ನೆನೆಸಿ ಕಿಣ್ವಕ್ಕೆ ಮತ್ತೆ ಜೀವ ತುಂಬಬೇಕು. ಟ್ರಾಪ್‌ನಲ್ಲಿರುವುದು ಕಬ್ಬಿಣ, ಇಡಿಟಿಎಗೆ ಅದು ಅಷ್ಟಾಗಿ ಹೆದರುವುದಿಲ್ಲ. ನೈಟ್ರಿಕ್‌ನಂಥ ಬಲವಾದ ಆಮ್ಲ ಹಾಕಿದರೆ ಮಾತ್ರ ಎರಡರ ಆಸೆಯನ್ನೂ ಬಿಡಿ.

ರಕ್ತಕ್ಕೂ ಇದೇ ಲೆಕ್ಕ. ಎಎಲ್‌ಪಿಗೆ ಪೊಟ್ಯಾಸಿಯಂ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬ್ ಬೇಡ, ಸೀರಮ್ (ಹೆಪ್ಪುಗಟ್ಟಿದ ರಕ್ತದ ತಿಳಿ) ಟ್ಯೂಬ್ ಬಳಸಿ. ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ಶಿವಮೊಗ್ಗದ ಲ್ಯಾಬಿಗೆ ಕಳಿಸುವುದಾದರೆ ಸೀರಮ್ಮನ್ನು ಅಲ್ಲೇ ಬೇರ್ಪಡಿಸಿ, ಐಸ್‌ಪ್ಯಾಕ್ ಇಟ್ಟು ಕಳಿಸಿ. ಸೆಕೆಯಲ್ಲಿ ಆಮ್ಲೀಯ ಫಾಸ್ಫಟೇಸ್ ಬೇಗ ಸಾಯುತ್ತದೆ, ಎಎಲ್‌ಪಿ ತುಸು ಏರುತ್ತದೆ. ಎಎಲ್‌ಪಿ, ಕ್ಯಾಲ್ಸಿಯಂ ಎರಡೂ ತೀರಾ ಕಡಿಮೆ, ಪೊಟ್ಯಾಸಿಯಂ ಮಾತ್ರ ವಿಪರೀತ ಎಂದು ಬಂದರೆ ರೋಗಿಯನ್ನು ಗಾಬರಿಪಡಿಸುವ ಮೊದಲು ನೇರಳೆ ಟ್ಯೂಬಿನ ರಕ್ತ ಸೀರಮ್ ಟ್ಯೂಬಿಗೆ ಬಿದ್ದಿದೆಯೇ ಎಂದು ವಿಚಾರಿಸಿ, ಹೊಸದಾಗಿ ರಕ್ತ ತೆಗೆಸಿ.