ಸೂಪರ್ ಬೌಲ್: ಲೀಗ್‌ಗಿಂತ ಕಿರಿಯ ಪದ

ಫೆಬ್ರವರಿ ಬಂತೆಂದರೆ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಕನ್ನಡದಲ್ಲೂ ನಾಲ್ಕು ಬರಹ ಬರುತ್ತವೆ. ಅವುಗಳಲ್ಲಿ ಒಂದು ತಪ್ಪು ಮಾತ್ರ ತಪ್ಪುವುದೇ ಇಲ್ಲ: ಅತಿ ಹೆಚ್ಚು ಬಾರಿ ಚಾಂಪಿಯನ್ ಆದ ತಂಡಗಳೆಂದರೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮತ್ತು ಪಿಟ್ಸ್‌ಬರ್ಗ್ ಸ್ಟೀಲರ್ಸ್, ತಲಾ ಆರು ಸಲ ಅಂತ. ಆರು ಸರಿ, ಚಾಂಪಿಯನ್ ಎಂಬ ಮಾತು ತಪ್ಪು. ಆ ಆರು ಸೂಪರ್ ಬೌಲ್ ಗೆಲುವುಗಳು, ಅಂದರೆ 1967ರಲ್ಲಿ ಶುರುವಾದ, ಸೀಸನ್ನಿನ ಕೊನೆಯ ಪಂದ್ಯದ ಗೆಲುವುಗಳು. ಚಾಂಪಿಯನ್‌ಶಿಪ್ ಲೆಕ್ಕಕ್ಕೆ ಬಂದರೆ ಮೊದಲ ಹೆಸರು ಗ್ರೀನ್ ಬೇ ಪ್ಯಾಕರ್ಸ್, 13 ಸಲ. ನಂತರ ಶಿಕಾಗೊ ಬೇರ್ಸ್ 9, ನ್ಯೂಯಾರ್ಕ್ ಜೈಂಟ್ಸ್ 8. ಆಮೇಲೆ ಬರುವವರು ಈ ಆರರವರು.

ಮೊದಲು ಆ ‘ಬೌಲ್’ ಏನೆಂದು ನೋಡೋಣ. ಕ್ರಿಕೆಟ್ಟಿನ ಬೌಲಿಂಗ್‌ಗೂ ಇದಕ್ಕೂ ನಂಟಿಲ್ಲ. ಬೌಲಿಂಗ್‌ನ ಬೌಲ್ ಫ್ರೆಂಚಿನಿಂದ ಬಂದದ್ದು, ಗುಂಡು ಎಂಬ ಅರ್ಥದ್ದು. ಇಲ್ಲಿರುವುದು ಹಳೆಯ ಇಂಗ್ಲಿಷಿನ ಬಟ್ಟಲು. 1914ರಲ್ಲಿ ನ್ಯೂ ಹೇವನ್‌ನಲ್ಲಿ ಯೇಲ್ ವಿಶ್ವವಿದ್ಯಾಲಯ ಒಂದು ಕ್ರೀಡಾಂಗಣ ಕಟ್ಟಿತು. ನಡುವೆ ನೆಲ ಅಗೆದು, ಆ ಮಣ್ಣನ್ನೇ ಸುತ್ತ ಏರಿ ಹಾಕಿ, ಅದರ ಮೇಲೆ ಆಸನಗಳನ್ನು ಕೂರಿಸಿದರು. ಬಟ್ಟಲಿನ ಆಕಾರ ಬಂತು, ಯೇಲ್ ಬೌಲ್ ಎಂಬ ಹೆಸರೂ ಬಂತು. ಅದನ್ನು ನೋಡಿ ಕ್ಯಾಲಿಫೋರ್ನಿಯದ ಪ್ಯಾಸಡೀನಾದಲ್ಲಿ 1922ರಲ್ಲಿ ರೋಸ್ ಬೌಲ್ ಕಟ್ಟಿದರು. ಅಲ್ಲಿ ಹೊಸ ವರ್ಷದ ದಿನ ನಡೆಯುವ ಕಾಲೇಜು ಪಂದ್ಯಕ್ಕೂ ಕ್ರೀಡಾಂಗಣದ ಹೆಸರೇ ಅಂಟಿಕೊಂಡಿತು. ಆರೆಂಜ್ ಬೌಲ್, ಶುಗರ್ ಬೌಲ್, ಕಾಟನ್ ಬೌಲ್ ಬರುವ ಹೊತ್ತಿಗೆ ಬೌಲ್ ಎಂದರೆ ಕಟ್ಟಡವಲ್ಲ, ಸೀಸನ್ ಮುಗಿದ ಮೇಲಿನ ದೊಡ್ಡ ಪಂದ್ಯ.

‘ಸೂಪರ್’ ಸೇರಿಸಿದ್ದು ಲಮಾರ್ ಹಂಟ್. ಹಳೆಯ ಎನ್‌ಎಫ್‌ಎಲ್‌ಗೆ (ನ್ಯಾಷನಲ್ ಫುಟ್‌ಬಾಲ್ ಲೀಗ್) ಎದುರಾಗಿ ಎಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಹುಟ್ಟುಹಾಕಿದವರು, ಕನ್ಸಾಸ್ ಸಿಟಿ ಚೀಫ್ಸ್ ತಂಡದ ಮಾಲೀಕರು. 1966ರಲ್ಲಿ ಎರಡೂ ಲೀಗ್‌ಗಳು ವಿಲೀನಕ್ಕೆ ಒಪ್ಪಿ, ಎರಡರ ಚಾಂಪಿಯನ್ನರ ನಡುವೆ ಕೊನೆಯ ಪಂದ್ಯವೊಂದನ್ನು ಆಡಿಸಲು ನಿರ್ಧರಿಸಿದಾಗ ಈ ಹೆಸರು ಅವರಿಗೆ ಹೊಳೆಯಿತು. ಮಕ್ಕಳು ಆಡುತ್ತಿದ್ದ ‘ಸೂಪರ್ ಬಾಲ್’ ಎಂಬ ಪುಟಿಯುವ ರಬ್ಬರ್ ಚೆಂಡು ತಲೆಯಲ್ಲಿ ಉಳಿದಿರಬೇಕು ಎಂದು ಆಮೇಲೆ ಅವರೇ ಹೇಳಿದ್ದರು. ಎನ್‌ಎಫ್‌ಎಲ್ ಕಮಿಷನರ್ ಪೀಟ್ ರೊಜೆಲ್‌ಗೆ ಹೆಸರು ಹಿಡಿಸಲಿಲ್ಲ. 1967ರ ಜನವರಿ 15ರಂದು ಲಾಸ್ ಏಂಜಲೀಸ್‌ನಲ್ಲಿ ಪ್ಯಾಕರ್ಸ್ ಚೀಫ್ಸ್ ತಂಡವನ್ನು 35-10ರಿಂದ ಸೋಲಿಸಿದ ಆ ಮೊದಲ ಪಂದ್ಯದ ಅಧಿಕೃತ ಹೆಸರು ‘ಎಎಫ್‌ಎಲ್-ಎನ್‌ಎಫ್‌ಎಲ್ ವಿಶ್ವ ಚಾಂಪಿಯನ್‌ಶಿಪ್ ಪಂದ್ಯ’. ಸೂಪರ್ ಬೌಲ್ ಅಧಿಕೃತವಾದದ್ದು ಮೂರನೆಯ ಪಂದ್ಯದಿಂದ.

ಹಾಗಾಗಿ ‘ಸೂಪರ್ ಬೌಲ್ ಎತ್ತಿ ಹಿಡಿದರು’ ಎಂದು ಬರೆಯಬೇಡಿ. ಅದು ಪಂದ್ಯದ ಹೆಸರು, ಎತ್ತಲಾಗದು. ಎತ್ತುವುದು ಲೊಂಬಾರ್ಡಿ ಟ್ರೋಫಿಯನ್ನು. ಅದರ ಆಕಾರವೂ ಬಟ್ಟಲಲ್ಲ, ನಿಲ್ಲಿಸಿಟ್ಟ ಬೆಳ್ಳಿಯ ಫುಟ್‌ಬಾಲ್.

ಎನ್‌ಎಫ್‌ಎಲ್ ಲೀಗ್ ಮಾತ್ರ ಹುಟ್ಟಿದ್ದು 1920ರಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ. ಮೊದಲ ವರ್ಷಗಳಲ್ಲಿ ಫೈನಲ್ ಎಂಬುದೇ ಇರಲಿಲ್ಲ. ಗೆಲುವು ಸೋಲುಗಳ ಪಟ್ಟಿಯಲ್ಲಿ ಮೇಲಿದ್ದವರೇ ಚಾಂಪಿಯನ್. ಪ್ಯಾಕರ್ಸ್‌ನ 1929, 1930, 1931ರ ಪ್ರಶಸ್ತಿಗಳು ಹಾಗೆ ಬಂದವು. 1933ರಿಂದ ಪ್ರತಿ ವರ್ಷ ಚಾಂಪಿಯನ್‌ಶಿಪ್ ಪಂದ್ಯ ಶುರುವಾಯಿತು. ಬೇರ್ಸ್ 1940ರಲ್ಲಿ ವಾಷಿಂಗ್ಟನ್ ತಂಡವನ್ನು 73-0ರಿಂದ ಹೊಸಕಿಹಾಕಿದ್ದು ಅಂಥದೇ ಪಂದ್ಯದಲ್ಲಿ. ಇವೆಲ್ಲ ಸೂಪರ್ ಬೌಲ್ ಹುಟ್ಟುವ ಮೊದಲಿನ ಗೆಲುವುಗಳು ಎಂದು ಅಳಿಸಿಬಿಡುವುದು ಯಾವ ನ್ಯಾಯ? ಒಲಿಂಪಿಕ್ಸ್ ಹಾಕಿಗೆ ಕೃತಕ ಹುಲ್ಲುಹಾಸು ಬಂದದ್ದು 1976ರಲ್ಲಿ. ಅದಕ್ಕೂ ಹಿಂದೆ ಹುಲ್ಲಿನ ಮೇಲೆ ಗೆದ್ದ ಏಳು ಚಿನ್ನ ಬಿಟ್ಟು ಭಾರತದ್ದು ಒಂದೇ ಚಿನ್ನ ಎಂದರೆ ನಾವು ಒಪ್ಪುತ್ತೇವೆಯೇ?

ಹೀಗೆ ಅಳಿಸಿದರೆ ಹೆಚ್ಚು ಅನ್ಯಾಯವಾಗುವುದು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮತ್ತು ಡೆಟ್ರಾಯಿಟ್ ಲಯನ್ಸ್‌ಗೆ. ತಲಾ ನಾಲ್ಕು ಸಲ ಎನ್‌ಎಫ್‌ಎಲ್ ಗೆದ್ದವರು, ಸೂಪರ್ ಬೌಲ್‌ನಲ್ಲಿ ಒಮ್ಮೆಯೂ ಆಡಿಲ್ಲದವರು. ‘ಇವರು ಏನೂ ಗೆದ್ದಿಲ್ಲ’ ಎಂದು ಬರೆದದ್ದನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ನಿಜವಾದ ತೊಡಕಿರುವುದು 1966ರಿಂದ 1969ರವರೆಗಿನ ನಾಲ್ಕು ಸೀಸನ್‌ಗಳಲ್ಲಿ. ಆಗ ಎನ್‌ಎಫ್‌ಎಲ್ ಚಾಂಪಿಯನ್‌ಶಿಪ್ ಪಂದ್ಯವೂ ಇತ್ತು, ಅದರ ಮೇಲೆ ಸೂಪರ್ ಬೌಲ್ ಕೂಡ. 1967ರ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲಿ ಶೂನ್ಯಕ್ಕಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಪ್ಯಾಕರ್ಸ್ ಡಲ್ಲಾಸ್ ಕೌಬಾಯ್ಸ್ ತಂಡವನ್ನು 21-17ರಿಂದ ಸೋಲಿಸಿತಲ್ಲ, ‘ಐಸ್ ಬೌಲ್’ ಎಂದು ಹೆಸರಾದ ಆ ಪಂದ್ಯ ಸೂಪರ್ ಬೌಲ್ ಅಲ್ಲ, ಎನ್‌ಎಫ್‌ಎಲ್ ಚಾಂಪಿಯನ್‌ಶಿಪ್. ಸೂಪರ್ ಬೌಲ್ ಎರಡು ವಾರದ ನಂತರ ಮಯಾಮಿಯಲ್ಲಿ ನಡೆಯಿತು, ಅದನ್ನೂ ಪ್ಯಾಕರ್ಸ್ ಗೆದ್ದಿತು. ಕೆಲವರು ಇವೆರಡನ್ನೂ ಬೇರೆ ಬೇರೆ ಎಣಿಸಿ, 1967ರವರೆಗಿನ 11 ಲೀಗ್ ಪ್ರಶಸ್ತಿಗೆ 4 ಸೂಪರ್ ಬೌಲ್ ಕೂಡಿಸಿ 15 ಎನ್ನುತ್ತಾರೆ. 1966 ಮತ್ತು 1967 ಎರಡೂ ಕಡೆ ಇವೆ. ಒಂದು ಸೀಸನ್‌ಗೆ ಒಂದೇ ಪ್ರಶಸ್ತಿ ಎಂದು ಎಣಿಸಿದರೆ 13.

ಬಾಲ್ಟಿಮೋರ್ ಕೋಲ್ಟ್ಸ್‌ನದು ಇದರ ತಿರುವುಮುರುವು. 1968ರಲ್ಲಿ ಎನ್‌ಎಫ್‌ಎಲ್ ಚಾಂಪಿಯನ್ ಆಗಿ, ಸೂಪರ್ ಬೌಲ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್‌ಗೆ 16-7ರಿಂದ ಸೋತರು. ಅವರನ್ನು ಎನ್‌ಎಫ್‌ಎಲ್ ಚಾಂಪಿಯನ್ ಎನ್ನಬಹುದು, ಆ ಸೀಸನ್ನಿನ ಅಂತಿಮ ವಿಜೇತರು ಎನ್ನಲಾಗದು. 1970ರಲ್ಲಿ ವಿಲೀನ ಪೂರ್ಣಗೊಂಡ ಮೇಲೆ ಈ ಇಬ್ಬಗೆ ಇಲ್ಲ. ಅಲ್ಲಿಂದಾಚೆಗೆ ‘ಚಾಂಪಿಯನ್’, ‘ಸೂಪರ್ ಬೌಲ್ ವಿಜೇತರು’ ಎಂಬ ಎರಡನ್ನೂ ಒಂದೇ ಅರ್ಥದಲ್ಲಿ ಧಾರಾಳವಾಗಿ ಬಳಸಿ.

ಸುಮಾರು ಒಂದು ಲಕ್ಷ ಜನರ ಗ್ರೀನ್ ಬೇಗೆ ‘ಟೈಟಲ್‌ಟೌನ್’, ಅಂದರೆ ಪ್ರಶಸ್ತಿಗಳ ಊರು, ಎಂಬ ಅಡ್ಡಹೆಸರಿದೆ. ಕೋಚ್ ಕರ್ಲಿ ಲ್ಯಾಂಬೊ ಕಾಲದಲ್ಲಿ ಆರು ಪ್ರಶಸ್ತಿ, ಕೋಚ್ ವಿನ್ಸ್ ಲೊಂಬಾರ್ಡಿ ಕಾಲದಲ್ಲಿ ಐದು, ಆಮೇಲೆ 1996 ಮತ್ತು 2010. ಕೊನೆಯದನ್ನು ಕೆಲವರು 2011 ಎಂದು ಬರೆಯುತ್ತಾರೆ. ಸೀಸನ್ 2010ರದು, ಸ್ಟೀಲರ್ಸ್ ವಿರುದ್ಧ 31-25ರಿಂದ ಗೆದ್ದ ಪಂದ್ಯ 2011ರ ಫೆಬ್ರವರಿ 6ರದು. ಯಾವುದನ್ನು ಬರೆದರೂ ಸರಿ, ಎರಡನ್ನೂ ಎಣಿಸಿ 14 ಮಾಡಬೇಡಿ.