ಚಾರ್ಜ್ ನಿಲ್ಲದ ಫೋನ್ ಮತ್ತು ನಮ್ಮ ಬೇಸಿಗೆ

ನಾನು ಕಲಬುರಗಿಯಲ್ಲಿ 14 ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಅಂಗಡಿಗೆ ಬರುವ ಫೋನ್ ನೋಡಿದರೆ ಸಾಕು, ಯಾವ ತಿಂಗಳು ಅಂತ ಹೇಳಬಹುದು. ಮಳೆಗಾಲದಲ್ಲಿ ನೀರು ಹೋದ ಫೋನುಗಳು. ಶರಣಬಸವೇಶ್ವರ ಜಾತ್ರೆ ಮುಗಿದ ಮರುದಿನ ಒಡೆದ ಡಿಸ್‌ಪ್ಲೇಗಳು. ಏಪ್ರಿಲ್ ಬಂತೆಂದರೆ ಬ್ಯಾಟರಿ, ಬ್ಯಾಟರಿ, ಬ್ಯಾಟರಿ.

ಹೋದ ಮೇ ತಿಂಗಳಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗನೊಬ್ಬ ಬಂದ. ಫೋನಿನ ಡಿಸ್‌ಪ್ಲೇ ಒಂದು ಕಡೆ ಎದ್ದು ನಿಂತಿತ್ತು. ಸಂದಿಯಲ್ಲಿ ಉಗುರು ತೂರುವಷ್ಟು ಜಾಗ. "ಅಣ್ಣಾ, ಕೆಡವಿಲ್ಲ ನಾ. ತಾನಾಗೇ ಎದ್ದು ಬಂದದ" ಅಂದ. ಅವನು ಹೇಳಿದ್ದು ನಿಜ. ಹಿಂದಿನ ಕವರ್ ತೆಗೆದರೆ, ಬಿಸ್ಕತ್ತಿನ ಹಾಗೆ ಚಪ್ಪಟೆಯಾಗಿ ಇರಬೇಕಾದ ಬ್ಯಾಟರಿ ಎಣ್ಣೆಯಿಂದ ಈಗ ತೆಗೆದ ಪೂರಿಯ ಹಾಗೆ ಉಬ್ಬಿತ್ತು. ಒಳಗೆ ಗ್ಯಾಸ್ ತುಂಬಿಕೊಂಡಿತ್ತು. ಅದೇ ಡಿಸ್‌ಪ್ಲೇಯನ್ನು ಮೇಲಕ್ಕೆ ತಳ್ಳಿತ್ತು. ಇಂಥ ಬ್ಯಾಟರಿಯ ಚೀಲ ಎಲ್ಲಾದರೂ ಸೀಳಿದ್ದರೆ ನೇಲ್ ಪಾಲಿಶ್ ತೆಗೆಯುವ ದ್ರಾವಣದ ಹಾಗೆ ಸಿಹಿಸಿಹಿ ವಾಸನೆ ಬರುತ್ತದೆ. ಪುಣ್ಯಕ್ಕೆ ಇದರಲ್ಲಿ ವಾಸನೆ ಇರಲಿಲ್ಲ.

ಫೋನಿಗೆ ಆಗ 16 ತಿಂಗಳು. ದಿನಕ್ಕೆ ಎಷ್ಟು ಸಲ ಚಾರ್ಜ್ ಮಾಡುತ್ತೀಯಾ ಅಂತ ಕೇಳಿದೆ. ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ, ಬೈಕಿನಿಂದಲೇ ಚಾರ್ಜ್ ಕೊಟ್ಟು, ಮ್ಯಾಪ್ ಹಾಕಿಕೊಂಡು ಮಧ್ಯಾಹ್ನ 12ರಿಂದ 4ರವರೆಗೆ ಓಡಾಡುತ್ತಾನೆ. ಹೊರಗೆ 42 ಡಿಗ್ರಿ. ಮೇಲೆ ನೇರ ಬಿಸಿಲು, ಒಳಗೆ ಚಾರ್ಜಿಂಗ್ ಬಿಸಿ, ಜೊತೆಗೆ ಜಿಪಿಎಸ್ ಮತ್ತು ಪೂರ್ತಿ ಬ್ರೈಟ್‌ನೆಸ್. ಅದೂ ಬ್ಯಾಟರಿ ಸದಾ 100 ಪರ್ಸೆಂಟ್. ಬ್ಯಾಟರಿಗೆ ಇದಕ್ಕಿಂತ ಕಷ್ಟದ ನೌಕರಿ ಇಲ್ಲ.

"ಯಾವ ಚಾರ್ಜರ್ ಒಳ್ಳೇದು, ಎಷ್ಟು ವ್ಯಾಟ್ ಬೇಕು?" ಅಂತ ದಿನಾ ಹತ್ತು ಜನ ಕೇಳುತ್ತಾರೆ. ಫೋನ್ ಎಷ್ಟು ಬಿಸಿ ಆಗುತ್ತದೆ, ಎಷ್ಟು ಹೊತ್ತು ಪೂರ್ತಿ ತುಂಬಿದ ಸ್ಥಿತಿಯಲ್ಲಿ ಇರುತ್ತದೆ ಅಂತ ಒಬ್ಬರೂ ಕೇಳುವುದಿಲ್ಲ. ನನ್ನ ಮೇಜಿಗೆ ಬರುವ ಬಹುಪಾಲು ಬ್ಯಾಟರಿಗಳನ್ನು ಕೆಡಿಸಿರುವುದು ಈ ಎರಡೇ.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ನಮ್ಮ ಫೋನಿನಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದನ್ನು ರೂಪಿಸಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಬ್ಯಾಟರಿಯಲ್ಲಿ ಎರಡು ಬದಿ ಇರುತ್ತವೆ, ನಡುವೆ ಒಂದು ದ್ರಾವಣ. ಚಾರ್ಜ್ ಮಾಡುವಾಗ ಲಿಥಿಯಂ ಕಣಗಳು ಗ್ರಾಫೈಟ್ ಬದಿಗೆ ಹೋಗಿ ಕೂರುತ್ತವೆ, ಬಳಸುವಾಗ ಮರಳಿ ಬರುತ್ತವೆ. ಗ್ರಾಫೈಟ್ ಮೇಲೆ ಹಾಲಿನ ಕೆನೆಯಂಥ ಒಂದು ತೆಳು ಪದರ ಮೊದಲ ಚಾರ್ಜಿನಲ್ಲೇ ಕಟ್ಟಿಕೊಳ್ಳುತ್ತದೆ. ಅದು ಬೇಕು, ಅದಿಲ್ಲದೆ ಬ್ಯಾಟರಿ ನಡೆಯುವುದಿಲ್ಲ. ಆದರೆ ವರ್ಷ ಕಳೆದಂತೆ ಆ ಪದರ ದಪ್ಪ ಆಗುತ್ತಾ ಹೋಗುತ್ತದೆ. ದಪ್ಪ ಆಗುವಾಗಲೆಲ್ಲ ಸ್ವಲ್ಪ ಲಿಥಿಯಂ ನುಂಗಿಕೊಳ್ಳುತ್ತದೆ. ನುಂಗಿದ್ದು ಮತ್ತೆ ವಾಪಸ್ ಬರುವುದಿಲ್ಲ.

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಪೈಪಿನೊಳಗೆ ಸುಣ್ಣ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಟ್ಯಾಂಕಿನಲ್ಲಿ ನೀರಿದ್ದರೂ ನಲ್ಲಿಯಲ್ಲಿ ಸಣ್ಣಗೆ ಬರುತ್ತದೆ, ಅಲ್ವಾ? ಹಳೇ ಬ್ಯಾಟರಿಯೂ ಹಾಗೇ. "30 ಪರ್ಸೆಂಟ್ ಇರುವಾಗಲೇ ಫೋನ್ ಆಫ್ ಆಗ್ತದ" ಅಂತ ಬರುವವರಿಗೆ ನಾನು ಇದನ್ನು ಕಣ್ಣೆದುರೇ ತೋರಿಸುತ್ತೇನೆ. ಫೋನ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 3.7 ವೋಲ್ಟ್ ಇರುತ್ತದೆ. ಸರಿಯಾಗೇ ಕಾಣುತ್ತದೆ. ಕ್ಯಾಮೆರಾ ತೆರೆದು ವಿಡಿಯೊ ಹಚ್ಚಿ, ಟಾರ್ಚ್ ಹೊತ್ತಿಸಿದ ಕೂಡಲೇ ಅದು ಸರ್ರನೆ 3.3ರ ಕೆಳಗೆ ಬೀಳುತ್ತದೆ, ಫೋನ್ ಕಪ್ಪಾಗುತ್ತದೆ. ಟಾರ್ಚಿನ ಭಾರ ಇಳಿದ ಮರುಕ್ಷಣ ಮೀಟರ್ ಮತ್ತೆ 3.6 ತೋರಿಸುತ್ತದೆ. ಒಳಗೆ ಚಾರ್ಜ್ ಇದೆ, ಆದರೆ ಕೇಳಿದಷ್ಟು ವೇಗವಾಗಿ ಕೊಡುವ ಶಕ್ತಿ ಇಲ್ಲ. ಇದನ್ನು ನೋಡಿದ ಮೇಲೆ "ಸಾಫ್ಟ್‌ವೇರ್ ಹಾಕಿಕೊಡಿ ಸಾಕು" ಅಂತ ಯಾರೂ ಹೇಳಿಲ್ಲ.

ಈ ಪದರ ಬೇಗ ದಪ್ಪ ಆಗುವುದು ಬಿಸಿಯಲ್ಲಿ. ಬ್ಯಾಟರಿ ಪೂರ್ತಿ ತುಂಬಿ ವೋಲ್ಟೇಜ್ ಏರಿ ನಿಂತಿದ್ದರೆ ಇನ್ನೂ ಬೇಗ. ಲಿಥಿಯಂ ಬ್ಯಾಟರಿಗಳ ಬಗ್ಗೆ ತುಂಬಾ ಕಾಲದಿಂದ ಬಳಕೆಯಲ್ಲಿರುವ ಒಂದು ಅಂದಾಜು ಲೆಕ್ಕವಿದೆ. ಬ್ಯಾಟರಿಯನ್ನು 40 ಪರ್ಸೆಂಟ್ ತುಂಬಿ 25 ಡಿಗ್ರಿಯಲ್ಲಿ ಒಂದು ವರ್ಷ ಸುಮ್ನೆ ಇಟ್ಟರೆ, ಅದರ ಸಾಮರ್ಥ್ಯ 96 ಪರ್ಸೆಂಟ್ ಉಳಿಯುತ್ತದೆ. ಅದನ್ನೇ 100 ತುಂಬಿ ಇಟ್ಟರೆ 80. ಇನ್ನು 100 ತುಂಬಿ 40 ಡಿಗ್ರಿಯಲ್ಲಿ ಇಟ್ಟರೆ 65ಕ್ಕೆ ಇಳಿಯುತ್ತದೆ. ಒಂದು ಸಲವೂ ಬಳಸಿಲ್ಲ, ನೋಡಿ. ಸುಮ್ನೆ ಇಟ್ಟಿದ್ದಕ್ಕೇ ಮೂರನೇ ಒಂದು ಭಾಗ ಹೋಯಿತು. ಕಲಬುರಗಿ, ರಾಯಚೂರಿನ ಕಡೆ 40 ಡಿಗ್ರಿ ಅಂದರೆ ಮೇ ತಿಂಗಳ ಮಾಮೂಲಿ ಮಧ್ಯಾಹ್ನ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಹೊರಗಿನ ಬಿಸಿ 35 ಡಿಗ್ರಿ ಮೀರಿದ ಕಡೆ ಫೋನ್ ಬಳಸಬೇಡಿ ಅಂತ ಆ್ಯಪಲ್ ಕಂಪನಿಯೇ ಹೇಳುತ್ತದೆ. ನಮ್ಮ ಬೇಸಿಗೆಯಲ್ಲಿ ಅದನ್ನು ಅಕ್ಷರಶಃ ಪಾಲಿಸಲು ಆಗಲ್ಲ. ಹಾಗಾಗಿಯೇ ನಮ್ಮ ಕೈಲಿ ಇರುವುದನ್ನಾದರೂ ಮಾಡಬೇಕು ಅನ್ನುತ್ತೇನೆ.

ಆ ಹುಡುಗನಿಗೆ ಕೆಲಸ ಬಿಡು ಅಂತ ಹೇಳಲಾಗುವುದಿಲ್ಲ. ಹೊಸ ಬ್ಯಾಟರಿ ಹಾಕಿ ಮೂರು ಮಾತು ಹೇಳಿದೆ. ಹ್ಯಾಂಡಲ್ ಮೇಲೆ ಫೋನಿಗೆ ನೆರಳು ಬೀಳುವ ಹಾಗೆ ಸಣ್ಣ ಟೊಪ್ಪಿ ಸಿಗುತ್ತದೆ, ಅದನ್ನು ಹಾಕು. ಮಧ್ಯಾಹ್ನ ಬೈಕಿನಿಂದ ಚಾರ್ಜ್ ಕೊಡಬೇಡ, ಬೆಳಗ್ಗೆ ಮನೆಯಲ್ಲಿ ತುಂಬಿಸಿಕೋ. ನಡುವೆ ಬೇಕಾದರೆ ಹೋಟೆಲ್‌ನಲ್ಲಿ ಪಾರ್ಸೆಲ್ ಕಾಯುವಾಗ ಫ್ಯಾನ್ ಕೆಳಗೆ ಹತ್ತು ನಿಮಿಷ ಹಚ್ಚು. ಮ್ಯಾಪ್ ಬೇಡದಾಗ ಸ್ಕ್ರೀನ್ ಆರಿಸು. ಬಿಸಿ ಆದ ಫೋನನ್ನು ಕೆಲವರು ಫ್ರಿಜ್‌ನಲ್ಲಿ ಇಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ತೇವ ಕಟ್ಟಿ ಬೋರ್ಡ್ ಹೋಗುತ್ತದೆ. ಕವರ್ ಬಿಚ್ಚಿ ನೆರಳಲ್ಲಿ ಇಟ್ಟರೆ ತಾನೇ ತಣ್ಣಗಾಗುತ್ತದೆ.

ಇನ್ನು 100 ಪರ್ಸೆಂಟ್ ಮಾತು. ನಮ್ಮ ಮನೆಗಳಲ್ಲಿ ಯುಪಿಎಸ್ ಇರುತ್ತದೆ. ಅದರ ದೊಡ್ಡ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತೇವೆ. ಅದು ಸೀಸದ ಬ್ಯಾಟರಿ, ಸದಾ ತುಂಬಿರಬೇಕು. ಖಾಲಿ ಬಿಟ್ಟರೆ ಬೇಗ ಕೆಡುತ್ತದೆ. ಹಳೇ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳದು ಬೇರೆ ಗುಣ, ಅವನ್ನು ಆಗಾಗ ಪೂರ್ತಿ ಖಾಲಿ ಮಾಡಬೇಕಿತ್ತು. "ಪೂರ್ತಿ ಇಳಿಸಿ, ಪೂರ್ತಿ ತುಂಬಿಸಬೇಕು" ಅನ್ನುವ ಮಾತು ಅಲ್ಲಿಂದ ಬಂದದ್ದು. ಲಿಥಿಯಂಗೆ ಈ ಎರಡೂ ನಿಯಮ ಒಗ್ಗುವುದಿಲ್ಲ. ಅದಕ್ಕೆ ನಡುಮಧ್ಯೆ ಇರುವುದೇ ಸುಖ. 20ಕ್ಕೆ ಇಳಿದಾಗ ಹಚ್ಚಿ, 80ಕ್ಕೆ ತೆಗೆದರೆ ಅದಕ್ಕೆ ಹಬ್ಬ. ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡಿದರೆ ಬ್ಯಾಟರಿಯ ಸೈಕಲ್, ಅಂದರೆ ಒಟ್ಟು 100 ಪರ್ಸೆಂಟ್ ಬಳಸುವ ಒಂದು ಸುತ್ತು, ಬೇಗ ಮುಗಿಯುತ್ತದೆ ಅಂತ ಹೆದರುವವರಿದ್ದಾರೆ. ಹಾಗಲ್ಲ. ಇವತ್ತು 50, ನಾಳೆ 50 ಬಳಸಿದರೆ ಎರಡೂ ಸೇರಿ ಒಂದು ಸೈಕಲ್.

ಸೈಕಲ್ ಲೆಕ್ಕವೂ ಗೊತ್ತಿರಲಿ. ಐಫೋನ್ 14 ಮತ್ತು ಅದಕ್ಕಿಂತ ಹಳೆಯವು 500 ಸೈಕಲ್ ಆದ ಮೇಲೂ 80 ಪರ್ಸೆಂಟ್ ಸಾಮರ್ಥ್ಯ ಉಳಿಸಿಕೊಳ್ಳುವ ಹಾಗೆ ಮಾಡಿದ್ದು. ಐಫೋನ್ 15ರಿಂದ ಅದು 1000 ಸೈಕಲ್. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಕಾನೂನೇ ಬಂದಿದೆ: ಅಲ್ಲಿ ಮಾರುವ ಹೊಸ ಫೋನಿನ ಬ್ಯಾಟರಿ 800 ಸೈಕಲ್ ಆದ ಮೇಲೂ 80 ಪರ್ಸೆಂಟ್ ಹಿಡಿಯಬೇಕು. ಈ ಲೆಕ್ಕಗಳೆಲ್ಲ ಹದವಾದ ಬಿಸಿಯಲ್ಲಿ ಬಳಸಿದರೆ ಮಾತ್ರ ಅನ್ನುವುದನ್ನು ಮರೆಯಬೇಡಿ.

ರಾತ್ರಿಯಿಡೀ ಚಾರ್ಜಿಗೆ ಹಚ್ಚಬಹುದಾ? ಫೋನ್ 100 ಆದ ಮೇಲೆ ತಾನೇ ಚಾರ್ಜ್ ನಿಲ್ಲಿಸುತ್ತದೆ. ಹೆಚ್ಚು ತುಂಬಿ ಸಿಡಿಯುತ್ತದೆ ಅನ್ನುವ ಭಯ ಬೇಡ. ಆದರೆ ರಾತ್ರಿ 11ಕ್ಕೆ ಹಚ್ಚಿದ್ದು 1 ಗಂಟೆಗೆ ತುಂಬಿದರೆ, ಬೆಳಗ್ಗೆ 6ರವರೆಗೆ ಐದು ಗಂಟೆ ಅದು ತುದಿಯಲ್ಲೇ ನಿಂತಿರುತ್ತದೆ. ದಿಂಬಿನ ಕೆಳಗಿದ್ದರೆ ಬಿಸಿಯೂ ಸೇರುತ್ತದೆ. ದಿಂಬು, ಹಾಸಿಗೆ, ರಗ್ಗಿನ ಮೇಲೆ ಚಾರ್ಜ್ ಮಾಡುವುದನ್ನು ಮಾತ್ರ ಇವತ್ತೇ ಬಿಡಿ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಪರ್ಸೆಂಟ್ ಕಾಯುತ್ತಾ ಕೂರುವುದು ಯಾರಿಗೂ ಬೇಡ. ಈಗಿನ ಹೆಚ್ಚಿನ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಅಂತ ಹೋದರೆ, 80ಕ್ಕೆ ಚಾರ್ಜ್ ನಿಲ್ಲಿಸುವ ಅಥವಾ ನೀವು ಏಳುವ ಹೊತ್ತಿಗೆ ಸರಿಯಾಗಿ 100 ಮಾಡುವ ಆಯ್ಕೆ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ 'ಬ್ಯಾಟರಿ ಪ್ರೊಟೆಕ್ಷನ್' ಅಂತ ಇದೆ. ಐಫೋನ್ 15ರಿಂದ ಚಾರ್ಜಿನ ಮಿತಿಯನ್ನು ನಾವೇ ಇಡಬಹುದು. ಬೇರೆ ಫೋನುಗಳಲ್ಲಿ ಹೆಸರು ಬೇರೆ, ಕೆಲಸ ಅದೇ. ನಮ್ಮ ಓಣಿಯ ಅಜ್ಜಿಯೊಬ್ಬರು ಫೋನನ್ನು ಟಿವಿ ಪಕ್ಕದ ಪ್ಲಗ್ಗಿಗೆ ಹಚ್ಚೇ ಇಡುತ್ತಾರೆ. ದುಬೈಯಲ್ಲಿರುವ ಮಗ ಕರೆ ಮಾಡಿದಾಗ ಫೋನ್ ಆಫ್ ಇರಬಾರದು ಅಂತ. ಅವರಿಗೆ ತೆಗೆಯಿರಿ ಅಂತ ಹೇಳಲು ನನಗೆ ಮನಸ್ಸು ಬರಲಿಲ್ಲ. 80ರ ಮಿತಿ ಇಟ್ಟುಕೊಟ್ಟೆ. ಈಗ ಹಚ್ಚೇ ಇಟ್ಟರೂ ಚಿಂತೆ ಇಲ್ಲ. ಊರಿಗೆ ಹೋಗುವ ದಿನ, ಮದುವೆ ದಿನ 100 ತುಂಬಿಸಿಕೊಳ್ಳಿ. ಅದಕ್ಕೇನೂ ಆಗುವುದಿಲ್ಲ. ಬ್ಯಾಟರಿ ಇರುವುದು ನಮಗಾಗಿ.

ಫಾಸ್ಟ್ ಚಾರ್ಜಿಂಗ್ ಬಗ್ಗೆ ಜನ ಹೆದರುವಷ್ಟು ನಾನು ಹೆದರುವುದಿಲ್ಲ. ಎಷ್ಟು ಕರೆಂಟ್ ತೆಗೆದುಕೊಳ್ಳಬೇಕು ಅನ್ನುವುದನ್ನು ಫೋನೇ ನಿರ್ಧರಿಸುತ್ತದೆ. ಮೊದಲ ಅರ್ಧ ವೇಗವಾಗಿ ತುಂಬಿ, ಕೊನೆಗೆ ನಿಧಾನ ಆಗುವುದು ಅದಕ್ಕೇ. ಬಿಸಿ ಏರಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ದಪ್ಪ ಕವರ್ ತೆಗೆದು ಚಾರ್ಜ್ ಮಾಡಿ, ಆ ಹೊತ್ತಿನಲ್ಲಿ ಗೇಮ್ ಆಡಬೇಡಿ, ಅವಸರ ಇಲ್ಲದಾಗ ಹಳೇ ನಿಧಾನದ ಚಾರ್ಜರ್ ಬಳಸಿ. ಇಷ್ಟು ಸಾಕು.

ನನಗೆ ನಿಜವಾದ ಚಿಂತೆ ಬಸ್ ಸ್ಟ್ಯಾಂಡ್‌ನಲ್ಲಿ ನೂರು ರೂಪಾಯಿಗೆ ಮಾರುವ ಚಾರ್ಜರ್‌ದು. ಅಂಥದ್ದನ್ನು ಒಡೆದು ನೋಡಿದ್ದೇನೆ. 230 ವೋಲ್ಟ್ ಬರುವ ಬದಿಗೂ ಫೋನಿಗೆ ಹೋಗುವ ಬದಿಗೂ ನಡುವೆ ಒಂದು ಅಕ್ಕಿಕಾಳಿನಷ್ಟೂ ಅಂತರ ಇರಲಿಲ್ಲ. ಇದು ಬ್ಯಾಟರಿ ಆಯುಸ್ಸಿನ ಮಾತಲ್ಲ, ಜೀವದ ಮಾತು. ಅಡಾಪ್ಟರ್ ಮೇಲೆ ಬಿಐಎಸ್ (ಸರಕಿನ ಗುಣಮಟ್ಟ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ನಂಬರ್ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದು ಅಂತ ತೋರಿಸುತ್ತದೆ. ಬ್ಯಾಟರಿಗೂ ಇದೇ ನಿಯಮ.

ಚಾರ್ಜ್ ನಿಲ್ಲುತ್ತಿಲ್ಲ ಅಂದ ಮಾತ್ರಕ್ಕೆ ಬ್ಯಾಟರಿ ಬದಲಿಸಬೇಕು ಅಂತಲೂ ಇಲ್ಲ. ಹಳ್ಳಿ ಶಾಲೆಯ ಮೇಡಂ ಒಬ್ಬರ ಫೋನ್ ಮಧ್ಯಾಹ್ನಕ್ಕೇ ಖಾಲಿ ಆಗುತ್ತಿತ್ತು, ಭಾನುವಾರ ಮಾತ್ರ ಸಂಜೆವರೆಗೆ ಬರುತ್ತಿತ್ತು. ಆ ಭಾನುವಾರದ ಮಾತೇ ಸುಳಿವು. ಶಾಲೆ ಇರುವ ಊರಿನಲ್ಲಿ ಸಿಗ್ನಲ್ ಒಂದೇ ಕಡ್ಡಿ. ಟವರ್ ದೂರ ಇದ್ದರೆ ಫೋನ್ ಜೋರಾಗಿ ಕೂಗಬೇಕು, ಅದಕ್ಕೆ ಶಕ್ತಿ ಬೇಕು. 5ಜಿ ಹುಡುಕುವುದನ್ನು ನಿಲ್ಲಿಸಿ 4ಜಿಗೆ ಕಟ್ಟಿದೆ. ಬ್ಯಾಟರಿ ಬದಲಿಸದೆಯೇ ಸರಿಹೋಯಿತು. ಹಾಗಾಗಿ ಅಂಗಡಿಗೆ ಬರುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಯಾವುದು ಎಷ್ಟು ಬ್ಯಾಟರಿ ತಿಂದಿದೆ ಅಂತ ನೋಡಿ. ಐಫೋನಿನಲ್ಲಿ ಬ್ಯಾಟರಿಯ ಆರೋಗ್ಯವೂ ಪರ್ಸೆಂಟ್‌ನಲ್ಲಿ ಕಾಣುತ್ತದೆ. 80ರ ಕೆಳಗೆ ಹೋಗಿದ್ದು, ನಿಮಗೆ ತೊಂದರೆ ಆಗುತ್ತಿದ್ದರೆ ಬದಲಿಸಿ. ತೊಂದರೆ ಇಲ್ಲದಿದ್ದರೆ ಅಂಕಿ ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ಉಬ್ಬಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ. ಫೋನ್ ಆಫ್ ಮಾಡಿ, ಚಾರ್ಜಿಗೆ ಹಚ್ಚಬೇಡಿ, ಒತ್ತಿ ಕೂರಿಸಲು ಹೋಗಬೇಡಿ. ಪಿನ್ ಚುಚ್ಚಿ ಗಾಳಿ ತೆಗೆದರೆ ಸರಿಹೋಗುತ್ತದೆ ಅನ್ನುವ ವಿಡಿಯೊಗಳನ್ನು ಕೆಲವರು ತೋರಿಸುತ್ತಾರೆ. ಅದರಿಂದ ಬೆಂಕಿ ಹತ್ತುತ್ತದೆ. ಹಳೇ ಬ್ಯಾಟರಿಯನ್ನು ಕಸದ ಗಾಡಿಗೂ ಹಾಕಬೇಡಿ. ಗಾಡಿಯಲ್ಲಿ ಒತ್ತಿ ತುಂಬುವಾಗ ಸೀಳಿದರೆ ಅಲ್ಲಿ ಕೈ ಹಾಕುವ ಪೌರಕಾರ್ಮಿಕರಿಗೆ ಅಪಾಯ. ನನ್ನ ಮೇಜಿನ ಕೆಳಗೆ ಮರಳು ತುಂಬಿದ ಒಂದು ತಗಡಿನ ಡಬ್ಬಿ ಇದೆ. ತೆಗೆದ ಬ್ಯಾಟರಿಗಳ ತುದಿಗೆ ಟೇಪ್ ಸುತ್ತಿ ಅದರಲ್ಲಿ ಇಡುತ್ತೇನೆ, ಇ-ತ್ಯಾಜ್ಯದವರು ಬಂದು ಒಯ್ಯುತ್ತಾರೆ.

ನಿಮ್ಮ ಮನೆಯ ಡ್ರಾಯರ್‌ನಲ್ಲೂ ಒಂದು ಹಳೇ ಫೋನ್ ಇರಬಹುದು. ಅದನ್ನು ತೆಗೆದು, ಕವರ್ ಬಿಚ್ಚಿ, ಸಮತಟ್ಟಾದ ಮೇಜಿನ ಮೇಲೆ ಅಂಗಾತ ಇಟ್ಟು ಒಂದು ತುದಿಯನ್ನು ಬೆರಳಿಂದ ಮೆಲ್ಲಗೆ ತಳ್ಳಿ. ಕ್ಯಾಮೆರಾ ಉಬ್ಬು ಇರುವ ಫೋನಾದರೆ ಬೋರಲು ಹಾಕಿ ನೋಡಿ. ಅಲುಗದೆ ಕೂತರೆ ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ, ತಂಪು ಜಾಗದಲ್ಲಿ ಇಡಿ. ಆರು ತಿಂಗಳಿಗೊಮ್ಮೆ ಮತ್ತೆ ಅರ್ಧಕ್ಕೆ ತನ್ನಿ. ಪೂರ್ತಿ ಖಾಲಿಯಾಗಿ ವರ್ಷಗಟ್ಟಲೆ ಬಿದ್ದ ಬ್ಯಾಟರಿ ಮತ್ತೆ ಏಳುವುದಿಲ್ಲ. ತಳ್ಳಿದಾಗ ಬುಗುರಿಯ ಹಾಗೆ ಗಿರ್ರನೆ ತಿರುಗಿದರೆ ಒಳಗೆ ಬ್ಯಾಟರಿ ಉಬ್ಬಿದೆ. ಅದನ್ನು ಇವತ್ತೇ ಹತ್ತಿರದ ರಿಪೇರಿ ಅಂಗಡಿಗೆ ಕೊಂಡೊಯ್ಯಿರಿ.