ಕಿತ್ತಳೆ ಸಿಪ್ಪೆಯ ಎಣ್ಣೆ ಮತ್ತು ಹಸಿರು ಬೂಸ್ಟು

ಕೊಯ್ಲಾದ ಮೇಲೆ ಕಿತ್ತಳೆ, ಮೂಸಂಬಿ, ನಿಂಬೆಯನ್ನು ಅತಿ ಹೆಚ್ಚು ಹಾಳುಮಾಡುವುದು ಹಸಿರು ಬೂಸ್ಟು. ಇದನ್ನು ತರುವ ಶಿಲೀಂಧ್ರ ಪೆನಿಸಿಲಿಯಂ ಡಿಜಿಟೇಟಮ್. ಇದರ ಸೋದರ ಜಾತಿ ಪೆನಿಸಿಲಿಯಂ ಇಟ್ಯಾಲಿಕಮ್‌ನಿಂದ ನೀಲಿ ಬೂಸ್ಟು ಬರುತ್ತದೆ. ಅಂಚು ನೋಡಿದರೆ ಎರಡನ್ನೂ ಗುರುತಿಸಬಹುದು: ಹಸಿರಿನ ಸುತ್ತ ಬಿಳಿ ಪಟ್ಟಿ ಅಗಲ, ನೀಲಿಯ ಸುತ್ತ ಸಣ್ಣದು. ಕೋಲ್ಡ್ ಸ್ಟೋರೇಜಿನಲ್ಲಿ ನೀಲಿಯದೇ ಮೇಲುಗೈ.

ಮುಖ್ಯ ವಿಷಯ ಇದು: ಗಾಯವಿಲ್ಲದ ಸಿಪ್ಪೆಯೊಳಗೆ ಹಸಿರು ಬೂಸ್ಟು ನುಗ್ಗಲಾರದು. ಕತ್ತರಿ ತಾಗಿದ ಜಾಗ, ಪಕ್ಕದ ಹಣ್ಣಿನ ತೊಟ್ಟು ಚುಚ್ಚಿದ ಗೀರು, ಕ್ರೇಟಿನ ಮರಳು ಉಜ್ಜಿದ ಕಲೆ, ಇಷ್ಟು ಸಾಕು. ಕಿತ್ತಳೆ ಸಿಪ್ಪೆಯನ್ನು ಬೆಳಕಿನೆದುರು ಹಿಡಿದು ಮಡಚಿ ನೋಡಿ. ಸಣ್ಣ ಹನಿಗಳು ಚಿಮ್ಮುತ್ತವೆ ಅಲ್ವಾ, ಅದು ಎಣ್ಣೆ ಗ್ರಂಥಿಗಳು ಒಡೆದಾಗ ಬರುವ ಎಣ್ಣೆ. ಗಾಯವಾದಾಗ ಒಡೆಯುವುದೂ ಇವೇ. ಈ ಎಣ್ಣೆಯಲ್ಲಿ 90%ಕ್ಕಿಂತ ಜಾಸ್ತಿ ಲಿಮೊನೀನ್ ಎಂಬ ಪರಿಮಳದ ವಸ್ತು. ಅದರ ಆವಿ ತಾಗಿದರೆ ಡಿಜಿಟೇಟಮ್ ಬೀಜಕಗಳು ಚುರುಕಾಗಿ ಮೊಳೆಯುತ್ತವೆ. ಬೇರೆ ಎಷ್ಟೋ ಸೂಕ್ಷ್ಮಜೀವಿಗಳನ್ನು ತಡೆಯುವ ವಸ್ತುವೇ ಇದಕ್ಕೆ ಎಚ್ಚರಿಸುವ ಗಂಟೆ!

ಅದೇ ಎಣ್ಣೆಯಲ್ಲಿ ಸಿಟ್ರಲ್ ಎಂಬ ಇನ್ನೊಂದು ಅಂಶ ಕೂಡ ಇದೆ. ಅದು ಈ ಶಿಲೀಂಧ್ರಕ್ಕೆ ವಿಷ. ಎಳೆಯ ಹಸಿರು ನಿಂಬೆಯಲ್ಲಿ ಸಿಟ್ರಲ್ ಜಾಸ್ತಿ, ಹಣ್ಣು ಹಳದಿಯಾಗುತ್ತಾ ಕಡಿಮೆಯಾಗುತ್ತದೆ. ಬಲಿತು ಹಳೆಯದಾದ ಹಣ್ಣು ಬೇಗ ಕೊಳೆಯಲು ಇದೂ ಒಂದು ಕಾರಣ. ಹಾಗಾಗಿ 'ಸಿಪ್ಪೆ ಎಣ್ಣೆ ಬೂಸ್ಟು ತಡೆಯುತ್ತದೆ' ಎಂದು ಒಂದೇ ಸಾಲಿನಲ್ಲಿ ಹೇಳಿದರೆ ಅದು ಅರ್ಧ ಸತ್ಯವಾಗುತ್ತದೆ. ಯಾವ ಅಂಶ, ಯಾವ ವಯಸ್ಸಿನ ಹಣ್ಣು ಎನ್ನುವುದನ್ನೂ ಹೇಳಬೇಕು.

ಇನ್ನು ಹುಳಿಯ ಲೆಕ್ಕ. ಹಣ್ಣಿನ ತೊಳೆ ಹುಳಿ ನಿಜ, ಆದರೆ ಸಿಪ್ಪೆಯೊಳಗಿನ ಬಿಳಿ ಭಾಗ ಅಷ್ಟು ಹುಳಿಯಲ್ಲ. ಶಿಲೀಂಧ್ರ ಅಲ್ಲಿಗೆ ಸಿಟ್ರಿಕ್ ಮತ್ತು ಗ್ಲುಕೋನಿಕ್ ಆಮ್ಲ ತಾನೇ ಸುರಿಯುತ್ತದೆ. ಸಿಪ್ಪೆಯ ಜೀವಕೋಶಗಳನ್ನು ಅಂಟಿಸಿ ಹಿಡಿಯುವ ಪೆಕ್ಟಿನ್ ಅನ್ನು ಒಡೆಯುವ ಅದರ ಕಿಣ್ವ ಹುಳಿ ಜಾಗದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಬೂಸ್ಟು ಕಾಣುವ ಮೊದಲೇ ಒಂದು ಕಡೆ ಸಿಪ್ಪೆ ನೀರೂರಿ ಮೆತ್ತಗಾಗುವುದು ಇದರಿಂದಲೇ. ಜೊತೆಗೆ ಶಿಲೀಂಧ್ರ ಎಥಿಲೀನ್ ಅನಿಲವನ್ನೂ ಬಿಡುತ್ತದೆ, ಅಕ್ಕಪಕ್ಕದ ಒಳ್ಳೆ ಹಣ್ಣುಗಳಿಗೂ ಬೇಗ ವಯಸ್ಸಾಗುತ್ತದೆ. ಕೊಳೆತದ್ದನ್ನು ಮೂಲೆಗೆ ಸರಿಸಿದರೆ ಸಾಲದು, ಹೊರಗೆ ಹಾಕಬೇಕು.

ಹಣ್ಣೂ ಸುಮ್ನೆ ಕೂರುವುದಿಲ್ಲ. ಗಾಯದ ಸುತ್ತ ಸ್ಕೋಪರೋನ್ ಎಂಬ, ಶಿಲೀಂಧ್ರವನ್ನು ತಡೆಯುವ ವಸ್ತು ತಯಾರಿಸುತ್ತದೆ. ಆರೋಗ್ಯವಾದ ಸಿಪ್ಪೆಯಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ತೊಂದರೆ ಎಂದರೆ, ಸಾಕಷ್ಟು ತಯಾರಾಗುವಷ್ಟರಲ್ಲಿ ಕೊಳೆ ಮುಂದೆ ಹೋಗಿರುತ್ತದೆ. ಅದಕ್ಕೇ ಹಣ್ಣಿಗೆ ಸಮಯ ಕೊಡಿಸುವ ಉಪಾಯ ಬಂತು. ಇಸ್ರೇಲಿನಲ್ಲಿ 1980ರ ದಶಕದಲ್ಲಿ ಹಣ್ಣನ್ನು ತೇವವಿರುವ ಗಾಳಿಯಲ್ಲಿ 36 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಟ್ಟು ನೋಡಿದರು. ಸುಮಾರು 25 ಡಿಗ್ರಿಯನ್ನು ಇಷ್ಟಪಡುವ ಶಿಲೀಂಧ್ರ ಆ ಬಿಸಿಗೆ ಕುಗ್ಗುತ್ತದೆ. ಅಷ್ಟರಲ್ಲಿ ಗಾಯದಲ್ಲಿ ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡುವ ವಸ್ತು) ಕಟ್ಟಿಕೊಳ್ಳುತ್ತದೆ, ಸ್ಕೋಪರೋನ್ ಏರುತ್ತದೆ. ನನಗೆ ಈ ವಿಷಯದಲ್ಲಿ ತುಂಬಾ ಹಿಡಿಸಿದ ಭಾಗ ಇದು. ಆದರೆ ದೊಡ್ಡ ಪ್ಯಾಕಿಂಗ್ ಶೆಡ್ಡುಗಳಿಗೆ 3 ದಿನದ ಕರೆಂಟು, ಜಾಗ ಎರಡೂ ದುಬಾರಿ.

ಅಲ್ಲೆಲ್ಲ ಬಳಸುವುದು ಇಮಾಜಲಿಲ್, ಥಯಾಬೆಂಡಜೋಲ್ ಎಂಬ ಶಿಲೀಂಧ್ರನಾಶಕಗಳು. ಎರಡಕ್ಕೂ ಬಗ್ಗದ ಶಿಲೀಂಧ್ರದ ತಳಿಗಳು ಈಗಾಗಲೇ ಹುಟ್ಟಿಕೊಂಡಿವೆ. ಹುಳಿ ಕೊಳೆ ಎಂಬ ಇನ್ನೊಂದು ರೋಗ ತರುವ ಜಿಯೋಟ್ರೈಕಮ್ ಶಿಲೀಂಧ್ರಕ್ಕಂತೂ ಇವು ನಾಟುವುದೇ ಇಲ್ಲ. ಪರ್ಯಾಯವಾಗಿ ಅಡುಗೆ ಸೋಡದ ಬೆಚ್ಚನೆಯ ದ್ರಾವಣದಲ್ಲಿ ಹಣ್ಣು ಅದ್ದುತ್ತಾರೆ. ಸೋಡ ಬೀಜಕವನ್ನು ಕೊಲ್ಲುವುದಿಲ್ಲ, ಮೊಳೆಯದಂತೆ ತಡೆಯುತ್ತದೆ ಅಷ್ಟೆ. ಗಾಯದೊಳಗೆ ಉಳಿದ ಕ್ಷಾರ ಶಿಲೀಂಧ್ರಕ್ಕೆ ಬೇಕಾದ ಹುಳಿಗೆ ಅಡ್ಡ ನಿಲ್ಲುತ್ತದೆ. ಆದ್ದರಿಂದ ಅದ್ದಿದ ಮೇಲೆ ಜೋರಾಗಿ ತೊಳೆದರೆ ಕಾವಲೂ ತೆಳುವಾಗುತ್ತದೆ.